ಎಲ್ಲರೂ ಹೊಗಳುವ ಆಲ್ಬಂ ನನ್ನ ಕಿವಿಗೇಕೆ ಒಣಒಣ?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ, ಗಿಟಾರ್ ನುಡಿಸುತ್ತೇನೆ. ಕಿಲ್‌ಸ್ವಿಚ್ ಎಂಗೇಜ್ ಎಂಬ ಅಮೆರಿಕದ ತಂಡದ ಹಾಡುಗಳಿಂದ ಮೆಟಲ್‌ಕೋರ್, ಅಂದರೆ ಹೆವಿ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಸಂಗೀತದ ಹುಚ್ಚು ಹತ್ತಿತು. ಸೀನಿಯರ್ ಒಬ್ಬರು, ‘ಇದರ ಬೇರು ನೋಡಬೇಕಾದರೆ ಅರ್ತ್ ಕ್ರೈಸಿಸ್ ತಂಡದ ಡಿಸ್ಟ್ರಾಯ್ ದ ಮಶೀನ್ಸ್ ಕೇಳು’ ಎಂದು ಫೈಲ್‌ಗಳನ್ನು ಕೊಟ್ಟರು. ಮೂರು ಸಲ ಕೇಳಿದೆ. ಎಲ್ಲ ಹಾಡೂ ಒಂದೇ ಥರ ಅನಿಸುತ್ತದೆ, ಗಿಟಾರ್ ಒಣಗಿದ ಹಾಗಿದೆ, ಹಾಡುಗಾರ ಮೊದಲಿಂದ ಕೊನೆಯವರೆಗೆ ಒಂದೇ ದನಿಯಲ್ಲಿ ಗದರಿಸುತ್ತಾನೆ. ಆ ತಂಡದವರು ಸ್ಟ್ರೇಟ್ ಎಡ್ಜ್, ಅಂದರೆ ಕುಡಿತ, ಮಾದಕದ್ರವ್ಯ ಮುಟ್ಟದವರಂತೆ. ಗೆಳೆಯನೊಬ್ಬ, ‘ಸ್ಟ್ರೇಟ್ ಎಡ್ಜ್‌ನವರು ಅಂದರೆ ಹೊಡೆದಾಟದ ಗ್ಯಾಂಗು’ ಅನ್ನುತ್ತಾನೆ. ನಮ್ಮದೂ ಐದು ಜನರ ತಂಡವಿದೆ, ಯಾರೂ ಕುಡಿಯುವುದಿಲ್ಲ. ಆರು ಹಾಡು ರೆಕಾರ್ಡ್ ಮಾಡಬೇಕೆಂದಿದ್ದೇವೆ. ಈ ಆಲ್ಬಂ ನಿಜಕ್ಕೂ ಒಳ್ಳೆಯದೋ, ಹಳೆಯದೆಂಬ ಕಾರಣಕ್ಕೆ ಹೊಗಳುತ್ತಾರೋ? ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದೇ? ಅಥವಾ ನನ್ನ ಕಿವಿಯೇ ಸರಿಯಿಲ್ಲವೇ?

ಉತ್ತರ: ನಿಮ್ಮ ಕಿವಿ ಚೆನ್ನಾಗಿಯೇ ಇದೆ. ನೀವು ಹೇಳಿದ ಮೂರು ದೂರುಗಳಲ್ಲಿ ಒಂದು ಪೂರ್ತಿ ನಿಜ, ಒಂದು ಅರ್ಧ ನಿಜ. ಇನ್ನೊಂದು ಆಲ್ಬಂನ ತಪ್ಪಲ್ಲ, ನೀವು ಕೇಳಿದ ಸನ್ನಿವೇಶದ್ದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಮಾಡಿಕೊಂಡು ಬಂದವನು ನಾನು. ನಿಮ್ಮ ವಯಸ್ಸಿನ ತಂಡಗಳು ಯಾವುದಾದರೊಂದು ಹಳೆಯ ಆಲ್ಬಂ ಹಿಡಿದು ಬಂದು ‘ಹೀಗೇ ಬೇಕು ಸರ್’ ಅನ್ನುವುದು ನನಗೆ ವಾರಕ್ಕೊಮ್ಮೆಯ ಅನುಭವ. ಆ ‘ಹೀಗೇ’ ಅಂದರೆ ಏನು ಎಂದು ಬಿಡಿಸಿ ನೋಡದೆ ಕೆಲಸ ಶುರು ಮಾಡಿದಾಗಲೆಲ್ಲ ದುಡ್ಡೂ ಹೋಗಿದೆ, ಹಾಡೂ ಕೆಟ್ಟಿದೆ.

ಒಣಗಿದ ಗಿಟಾರ್‌ನ ದೂರನ್ನು ಮೊದಲು ನೋಡೋಣ. ಇದು 1995ರ ಆಲ್ಬಂ. ನೀವು ಹೋಲಿಸುತ್ತಿರುವುದು ಸುಮಾರು 2004ರ ನಂತರದ ಸದ್ದಿಗೆ. ನಡುವಿನ ಹತ್ತು ವರ್ಷಗಳಲ್ಲಿ ಸಿ.ಡಿ.ಗಳನ್ನು ಸಾಧ್ಯವಾದಷ್ಟು ಜೋರಾಗಿ ಮಾಸ್ಟರ್ ಮಾಡುವ (ಕೊನೆಯ ಹಂತದಲ್ಲಿ ಸದ್ದು ಹದಗೊಳಿಸುವ) ಪೈಪೋಟಿ ನಡೆದುಹೋಗಿತ್ತು. ಎರಡು ಹಾಡುಗಳ ನಡುವೆ ಎರಡು ಮೂರು ಡೆಸಿಬೆಲ್ ವ್ಯತ್ಯಾಸವಿದ್ದರೂ ಸಾಕು, ಜೋರಾಗಿರುವುದೇ ದಪ್ಪ, ತುಂಬಿದ, ಒಳ್ಳೆಯ ಸದ್ದು ಎಂದು ನಮ್ಮ ಮಿದುಳು ತೀರ್ಪು ಕೊಟ್ಟುಬಿಡುತ್ತದೆ. ಇದರಿಂದ ಯಾರಿಗೂ ವಿನಾಯಿತಿ ಇಲ್ಲ, ನನಗೂ ಇಲ್ಲ. ನೀವು ಫೋನಿನಲ್ಲಿ ಫೈಲ್‌ಗಳನ್ನು ಒಂದರ ಹಿಂದೊಂದು ಹಾಕಿ ಕೇಳಿರಬೇಕು, ಆದ್ದರಿಂದ ಹಳೆಯದು ಸೊರಗಿ ಕಂಡಿದೆ. ಹೊಸ ಹಾಡಿನ ವಾಲ್ಯೂಮ್ ಇಳಿಸಿ, ಎರಡರ ಸ್ನೇರ್ (ಡ್ರಮ್ ಸೆಟ್ಟಿನಲ್ಲಿ ಚಟಾರ್ ಎನ್ನುವ ಡ್ರಮ್) ಏಟೂ ಒಂದೇ ಜೋರಿಗೆ ಬರುವಂತೆ ಮಾಡಿಕೊಂಡು ಮತ್ತೆ ಕೇಳಿ. ಅರ್ಧ ಒಣಕಲುತನ ಅಲ್ಲೇ ಹೋಗುತ್ತದೆ.

ಉಳಿದರ್ಧ ನಿಜವಾದದ್ದು, ಬೇಕೆಂದೇ ಮಾಡಿದ್ದು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಈ ಹುಡುಗರು ಬೆಳೆದದ್ದು ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಒರಟು ರಾಕ್‌ನಲ್ಲಿ. ಮೆಟಲ್‌ನಿಂದ ಅವರು ತಂದುಕೊಂಡದ್ದು ತೂಕವನ್ನು ಮಾತ್ರ, ಅಲಂಕಾರವನ್ನಲ್ಲ. ಗಿಟಾರ್ ಅಲ್ಲಿ ರಾಗ ಹಾಡುವುದಿಲ್ಲ, ಚರ್ಮವಾದ್ಯದ ಕೆಲಸ ಮಾಡುತ್ತದೆ. ನೀವು ಗಿಟಾರ್ ನುಡಿಸುವವರು, ಪಾಮ್ ಮ್ಯೂಟ್ ಗೊತ್ತೇ ಇದೆ: ಬಲ ಅಂಗೈಯ ಅಂಚನ್ನು ಬ್ರಿಡ್ಜ್ ಹತ್ತಿರ ತಂತಿಯ ಮೇಲೆ ಊರಿ ಹೊಡೆದರೆ ಸ್ವರ ಅರಳುವ ಮೊದಲೇ ಮುದುಡುತ್ತದೆ. ಆ ‘ಜಗ್’ ಸದ್ದಿನ ನಂತರ ಒಂದು ಚೂರು ಮೌನ ಇರುತ್ತದಲ್ಲ, ಈ ಆಲ್ಬಂನಲ್ಲಿ ಕೇಳಬೇಕಾದದ್ದು ಅದನ್ನು. ಗಿಟಾರ್ ಬಿಟ್ಟಾಗ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮೂ ಬಿಡುತ್ತದೆ, ಗಿಟಾರ್ ಬಿದ್ದಾಗ ಅದೂ ಬೀಳುತ್ತದೆ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಪಾಠವಿದೆ. ಸಾಗರದ ಕಡೆಯ ಡೊಳ್ಳು ತಂಡ ಹತ್ತಿರದಿಂದ ಬಾರಿಸುವಾಗ ನಿಂತಿದ್ದೀರಾ? ಓಟದ ಗತ್ತು ಮುಗಿದು, ಎಲ್ಲರೂ ಒಮ್ಮೆಲೇ ನಿಧಾನಕ್ಕೆ ಇಳಿದು, ಹತ್ತು ಹನ್ನೆರಡು ಡೊಳ್ಳುಗಳ ಮೇಲೆ ಏಟು ಒಂದಾಗಿ ಬೀಳುವ ಗಳಿಗೆಯಲ್ಲಿ ಎದೆಗೂಡು ನಡುಗುತ್ತದೆ. ಆಗ ರಾಗ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಮೆಟಲ್‌ಕೋರ್‌ನವರು ಬ್ರೇಕ್‌ಡೌನ್ ಅನ್ನುವುದು ಬಹುಮಟ್ಟಿಗೆ ಇದನ್ನೇ. ಅರ್ತ್ ಕ್ರೈಸಿಸ್ ಅದನ್ನು ಹಾಡಿನ ಕೊನೆಯ ಉಡುಗೊರೆಯಾಗಿ ಇಡದೆ ಹಾಡಿನ ಅಡಿಪಾಯವನ್ನೇ ಅದರಿಂದ ಕಟ್ಟಿತು. ಮೊದಲ ಹಾಡು ‘ಫೋರ್ಸ್ಡ್ ಮಾರ್ಚ್’ ಅನ್ನು ಹೆಡ್‌ಫೋನ್ ತೆಗೆದಿಟ್ಟು, ಒಳ್ಳೆಯ ಸ್ಪೀಕರ್‌ನಲ್ಲಿ, ಸಾಲುಗಳ ಕಡೆ ಗಮನ ಕೊಡದೆ, ಮೇಜಿನ ಮೇಲೆ ಕಿಕ್ ಡ್ರಮ್ಮಿನ ಏಟನ್ನು ಮಾತ್ರ ಬೆರಳಲ್ಲಿ ಕುಟ್ಟುತ್ತ ಕೇಳಿ. ಎರಡು ಸಲ ತಪ್ಪುತ್ತೀರಿ. ಒಂದೇ ಥರ ಅನಿಸಿದ ರಿಫ್‌ಗಳ (ಮರಳಿ ಮರಳಿ ಬರುವ ಗಿಟಾರ್ ತುಣುಕುಗಳ) ಒಳಗೆ ಏಟುಗಳ ಜಾಗ ಹೇಗೆ ಬದಲಾಗುತ್ತಿದೆ ಎನ್ನುವುದು ಆಗ ತಿಳಿಯುತ್ತದೆ.

ಇನ್ನು ‘ಬೇರು’ ಎಂಬ ಮಾತು. ನಿಮ್ಮ ಸೀನಿಯರ್ ಹೇಳಿದ್ದು ಸರಿ, ಆದರೆ ಅದು ಒಂದೇ ಬೇರಲ್ಲ. ಅರ್ತ್ ಕ್ರೈಸಿಸ್‌ಗೂ ಮೊದಲೇ, 1991ರಲ್ಲಿ, ಕ್ಲೀವ್‌ಲ್ಯಾಂಡ್‌ನ ಇಂಟೆಗ್ರಿಟಿ ತಂಡದ ಮೊದಲ ಆಲ್ಬಂ ಬಂದಿತ್ತು. ಹಾರ್ಡ್‌ಕೋರ್‌ಗೆ ಮೆಟಲ್‌ನ ಕತ್ತಲು ಬೆರೆತದ್ದು ಅಲ್ಲೂ ಕೇಳುತ್ತದೆ. ನಿಮಗೆ ಇಷ್ಟವಾದ ಕಿಲ್‌ಸ್ವಿಚ್ ಎಂಗೇಜ್‌ನಲ್ಲಿ ಎರಡು ಗಿಟಾರ್ ಜೊತೆಜೊತೆಗೆ ರಾಗ ಹೆಣೆಯುತ್ತವಲ್ಲ, ಅದರ ಬಹುಭಾಗ ಬಂದದ್ದು ಸ್ವೀಡನ್‌ನಿಂದ. ಗೋಥೆನ್‌ಬರ್ಗ್‌ನ ಅಟ್ ದ ಗೇಟ್ಸ್ ತಂಡ ‘ಸ್ಲಾಟರ್ ಆಫ್ ದ ಸೋಲ್’ ಹೊರತಂದದ್ದು ಇದೇ 1995ರಲ್ಲಿ. ಒಂದೇ ವರ್ಷ ಅಟ್ಲಾಂಟಿಕ್‌ನ ಆಚೆಗೊಂದು, ಈಚೆಗೊಂದು. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿದ ಹಾಗೆ ಈ ಎರಡು ಧಾರೆ ಸೇರಿದ ಮೇಲಿನ ನೀರನ್ನು ನೀವು ಕುಡಿದಿದ್ದೀರಿ. ಈಗ ಒಂದೇ ನದಿಯ ದಡಕ್ಕೆ ಹೋಗಿ ಇನ್ನೊಂದರ ರುಚಿ ಹುಡುಕುತ್ತಿದ್ದೀರಿ. ಡಿಸ್ಟ್ರಾಯ್ ದ ಮಶೀನ್ಸ್‌ನಲ್ಲಿ ಅಂಥ ರಾಗದ ಹೆಣಿಗೆ ಇಲ್ಲ ಎಂಬುದು ಕೊರತೆಯಲ್ಲ, ಅದು ಆ ಹೊತ್ತಿಗೆ ಅವರ ಮನೆಗೆ ಬಂದೇ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಆಲ್ಬಂನ ನಿಜವಾದ ಕೊರತೆಯನ್ನು ಮುಚ್ಚಿಡುವುದಿಲ್ಲ. ಹಾಡುಗಾರ ಕಾರ್ಲ್ ಬ್ಯೂಕ್ನರ್ ಅವರ ದನಿಯ ಬಗ್ಗೆ ನಿಮ್ಮ ದೂರು ಪೂರ್ತಿ ನಿಜ. ಆ ಗದರಿಕೆಯಲ್ಲಿ ನಂಬಿಕೆ ಇದೆ, ಏರಿಳಿತ ಇಲ್ಲ. ದುಃಖದ ಸಾಲು, ಸಿಟ್ಟಿನ ಸಾಲು, ವಿವರಣೆಯ ಸಾಲು ಎಲ್ಲವೂ ಒಂದೇ ಎತ್ತರದಲ್ಲಿ ಬರುತ್ತವೆ. ಮೊದಲರ್ಧದಲ್ಲಿ ಇದು ಬಲವಾಗಿ ಕೇಳುತ್ತದೆ, ದ್ವಿತೀಯಾರ್ಧದಲ್ಲಿ ಕಿವಿ ದಣಿಯುತ್ತದೆ. ‘ಎಲ್ಲ ಹಾಡೂ ಒಂದೇ’ ಎಂಬ ನಿಮ್ಮ ಇನ್ನೊಂದು ದೂರು ಅರ್ಧ ನಿಜವಾಗುವುದೂ ಇಲ್ಲಿಯೇ. ವೇಗ ಹೆಚ್ಚುಕಡಿಮೆ ಮಧ್ಯಮದಲ್ಲೇ ಉಳಿಯುತ್ತದೆ. ಉಸಿರು ಬಿಡಲು ಒಂದು ನಿಧಾನದ ಹಾಡೋ, ತೆಳುವಾದ ಜಾಗವೋ ಇದ್ದಿದ್ದರೆ ಮುಂದಿನ ಏಟಿಗೆ ಇನ್ನಷ್ಟು ತೂಕ ಬರುತ್ತಿತ್ತು. ಅವರೇ 1996ರಲ್ಲಿ ತಂದ ‘ಗೊಮೊರಾಸ್ ಸೀಸನ್ ಎಂಡ್ಸ್’ನಲ್ಲಿ ಕಟ್ಟಡ ಹೆಚ್ಚು ಸಂಕೀರ್ಣವಾಗಿದೆ. ಬರೀ ಸಂಗೀತದ ಲೆಕ್ಕದಲ್ಲಿ ನಾನು ಅದನ್ನು ಮೇಲಿಡುತ್ತೇನೆ. ಆದರೆ ಒಂದು ತಂಡ ತಾನು ಯಾರು ಎಂದು ಮೊದಲ ಸಲ ಪೂರ್ತಿಯಾಗಿ ಹೇಳಿದ್ದು 1995ರದರಲ್ಲಿ. ಆ ಕಾರಣಕ್ಕೆ ಜನ ಅದಕ್ಕೇ ಮರಳುತ್ತಾರೆ, ಹಳೆಯದೆಂಬ ಒಂದೇ ಕಾರಣಕ್ಕಲ್ಲ.

ಈಗ ಗೆಳೆಯನ ‘ಗ್ಯಾಂಗ್’ ಮಾತಿಗೆ ಬರೋಣ. ಸ್ಟ್ರೇಟ್ ಎಡ್ಜ್ ಎಂಬ ಹೆಸರು ಬಂದದ್ದು ವಾಷಿಂಗ್ಟನ್ ಡಿ.ಸಿ.ಯ ಮೈನರ್ ಥ್ರೆಟ್ ತಂಡದ 1981ರ ಒಂದು ಹಾಡಿನಿಂದ. ಅದರ ಉದ್ದ ಒಂದು ನಿಮಿಷವೂ ಇಲ್ಲ. ಅಮಲಿಲ್ಲದೆ ಬದುಕುವುದು ನನ್ನ ಆಯ್ಕೆ ಎಂಬುದಷ್ಟೇ ಅದರ ಸಾರ. ಬರೆದ ಇಯಾನ್ ಮೆಕೇ, ತಾನು ಯಾರಿಗೂ ನಿಯಮ ಹಾಕಲಿಲ್ಲ, ಚಳವಳಿ ಕಟ್ಟಲು ಹೊರಡಲಿಲ್ಲ ಎಂದು ಆಮೇಲೆ ಮತ್ತೆ ಮತ್ತೆ ಹೇಳಿದ್ದಾರೆ. ಕೈ ಮೇಲಿನ ಕಪ್ಪು ಎಕ್ಸ್ ಗುರುತಿನ ಕಥೆ ಇನ್ನೂ ಸರಳ. ಮೆಕೇ ಅವರ ಹಿಂದಿನ ತಂಡ ಟೀನ್ ಐಡಲ್ಸ್ 1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕ್ಲಬ್ಬಿಗೆ ಹೋದಾಗ, ಇವರು ಕುಡಿಯುವ ವಯಸ್ಸಿನವರಲ್ಲ, ಮದ್ಯ ಕೊಡಬೇಡಿ ಎಂದು ಗುರುತಿಗೆ ಕೈ ಮೇಲೆ ಎಕ್ಸ್ ಬರೆದು ಒಳಗೆ ಬಿಟ್ಟರು. ಸಂಗೀತ ಕೇಳಲು ಬಂದ ಹುಡುಗರನ್ನು ಬಾಗಿಲಿನಲ್ಲೇ ತಡೆಯದಿರಲು ಮಾಡಿಕೊಂಡ ಏರ್ಪಾಡು ಅದು. ಅದನ್ನೇ ಹುಡುಗರು ಹೆಮ್ಮೆಯ ಗುರುತಾಗಿ ಮಾಡಿಕೊಂಡರು.

ಅಲ್ಲಿಂದ ಮುಂದೆ ಬಿಗಿ ಹೆಚ್ಚಿತು. 1980ರ ದಶಕದ ಕೊನೆಗೆ ನ್ಯೂಯಾರ್ಕ್‌ನ ಯೂತ್ ಆಫ್ ಟುಡೇ ಮಾಂಸಾಹಾರ ಬಿಡುವ ಮಾತನ್ನು ಸೇರಿಸಿತು. ಅದರ ಹಾಡುಗಾರ ರೇ ಕ್ಯಾಪ್ಪೊ ಮುಂದೆ ಕೃಷ್ಣಭಕ್ತರಾಗಿ ಶೆಲ್ಟರ್ ಎಂಬ ತಂಡ ಕಟ್ಟಿದರು. ಅರ್ತ್ ಕ್ರೈಸಿಸ್ ಇನ್ನೂ ಮುಂದೆ ಹೋಗಿ ವೀಗನ್ ಆಯಿತು, ಹಾಲು ಮೊಸರು ತುಪ್ಪ ಚರ್ಮ ಯಾವುದೂ ಇಲ್ಲ. 1993ರ ಅವರ ‘ಫೈರ್‌ಸ್ಟಾರ್ಮ್’ ಹಾಡು ಮಾದಕದ್ರವ್ಯ ಮಾರುವವರ ಮೇಲೆ ಬಲಪ್ರಯೋಗಕ್ಕೇ ಕರೆ ಕೊಡುತ್ತದೆ. ಅದನ್ನು ‘ಬರೀ ರೂಪಕ’ ಎಂದು ತೇಲಿಸಿಬಿಡುವುದು ಪ್ರಾಮಾಣಿಕವಲ್ಲ. 1990ರ ದಶಕದ ಕೊನೆಯಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಸ್ಟ್ರೇಟ್ ಎಡ್ಜ್ ಹೆಸರಿನಲ್ಲಿ ಹೊಡೆದಾಟಗಳಾದದ್ದೂ, ಅಲ್ಲಿನ ಪೊಲೀಸರು ಅವರನ್ನು ಗ್ಯಾಂಗ್ ಎಂದು ವರ್ಗೀಕರಿಸಿದ್ದೂ ನಿಜ. ನಿಮ್ಮ ಗೆಳೆಯ ಗಾಳಿಯಲ್ಲಿ ಮಾತಾಡುತ್ತಿಲ್ಲ. ಒಂದು ಊರಿನ, ಒಂದು ಕಾಲದ ಕೆಲವರ ನಡತೆಯನ್ನು ಎಲ್ಲರ ತಲೆಗೆ ಕಟ್ಟುತ್ತಿದ್ದಾನೆ, ಅಷ್ಟೇ. ಕುಡಿಯದೆ, ಸೇದದೆ, ಯಾರ ತಂಟೆಗೂ ಹೋಗದೆ ಹಾಡಿಕೊಂಡು ಬಂದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು.

ಈ ಹುಡುಗರಿಗೆ ಅಷ್ಟು ಸಿಟ್ಟು ಏಕೆ ಎಂದು ಕೇಳಬಹುದು. ಸಿರಾಕ್ಯೂಸ್ ಊರಿಗೆ ಅಂಟಿಕೊಂಡೇ ಒನೊಂಡಾಗಾ ಸರೋವರವಿದೆ. ದಶಕಗಟ್ಟಲೆ ರಾಸಾಯನಿಕ ಕಾರ್ಖಾನೆಗಳ ಕೊಳೆ ಮತ್ತು ಊರಿನ ಚರಂಡಿ ಸೇರಿ ಸೇರಿ 1940ರಲ್ಲೇ ಅಲ್ಲಿ ಈಜು ನಿಷೇಧವಾಯಿತು, ಪಾದರಸದ ಕಾರಣಕ್ಕೆ 1970ರಲ್ಲಿ ಮೀನು ಹಿಡಿಯುವುದೂ ನಿಷೇಧವಾಯಿತು. ಆಲ್ಬಂ ಬರುವ ಹಿಂದಿನ ವರ್ಷ, 1994ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರ ಅದನ್ನು ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಆ ಹಾಡುಗಳನ್ನು ಅವರು ಆ ಸರೋವರದ ಮೇಲೇ ಬರೆದರು ಎಂದು ನಾನು ಹೇಳುತ್ತಿಲ್ಲ. ಮೈ ಮುಟ್ಟಬಾರದ ನೀರಿನ ಪಕ್ಕದ ಊರಿನಿಂದ ‘ಯಂತ್ರಗಳನ್ನು ಒಡೆಯಿರಿ’ ಎಂಬ ಹೆಸರಿನ ಆಲ್ಬಂ ಬಂದರೆ ನನಗೆ ಅಚ್ಚರಿಯಿಲ್ಲ.

ಸಾಹಿತ್ಯ ಒಪ್ಪದೆ ಸಂಗೀತ ಮೆಚ್ಚಬಹುದೇ ಎಂದರೆ, ಮೆಚ್ಚಬಹುದು. ಆದರೆ ಸಾಹಿತ್ಯವನ್ನು ಬದಿಗೆ ಸರಿಸಿ ಈ ಆಲ್ಬಂ ಅಳೆಯಲಾಗದು, ಏಕೆಂದರೆ ಆ ಲಯದ ಹಟ ಹುಟ್ಟಿದ್ದೇ ಆ ನಿಲುವಿನಿಂದ. ‘ನ್ಯೂ ಎಥಿಕ್’ ಹಾಡು ನೋಡಿ. ಹಾಲು, ಮೊಟ್ಟೆ, ಮಾಂಸ, ತುಪ್ಪಟ, ಉಣ್ಣೆ, ಚರ್ಮ ಎಂದು ಅಂಗಡಿ ಪಟ್ಟಿ ಓದಿದ ಹಾಗೆ ಒಂದೊಂದೇ ವಸ್ತುವನ್ನು ಹೆಸರಿಸುತ್ತ ಹೋಗುತ್ತದೆ. ಕವಿತೆಯ ಲೆಕ್ಕದಲ್ಲಿ ಅದು ಕರಪತ್ರ. ಆದರೂ ಆ ಪಟ್ಟಿಯ ಒಂದೊಂದು ಪದಕ್ಕೂ ಏಟು ಬಿದ್ದಾಗ, ಕೇಳುಗ ತನ್ನ ಕಾಲಿನ ಶೂ ಕಡೆ ನೋಡಿಕೊಳ್ಳುತ್ತಾನೆ. ‘ಫೈರ್‌ಸ್ಟಾರ್ಮ್’ ಎದುರಾಳಿಯ ಕಡೆ ಬೆರಳು ತೋರಿಸುತ್ತದೆ, ‘ನ್ಯೂ ಎಥಿಕ್’ ಕೇಳುವವನ ಕಡೆ. ಎರಡನೆಯದೇ ಹೆಚ್ಚು ಧೈರ್ಯದ ಬರವಣಿಗೆ ಎಂಬುದು ನನ್ನ ಅಭಿಪ್ರಾಯ.

ಮಾದರಿಯಾಗಿ ಇಟ್ಟುಕೊಳ್ಳುವ ಪ್ರಶ್ನೆಯಲ್ಲಿ ನನ್ನ ದೊಡ್ಡ ಆತಂಕ ಇಲ್ಲೇ ಇದೆ, ಗಿಟಾರ್ ಸದ್ದಿನಲ್ಲಲ್ಲ. ಸಿರಾಕ್ಯೂಸ್‌ನಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ‘ಕುಡಿಯಲ್ಲ, ಮಾಂಸ ತಿನ್ನಲ್ಲ’ ಎಂದರೆ ಮನೆಯವರನ್ನೂ ಓರಗೆಯವರನ್ನೂ ಎದುರು ಹಾಕಿಕೊಂಡ ಹಾಗೆ. ಅದೇ ಮಾತನ್ನು ಕನ್ನಡದಲ್ಲಿ ಹಾಡಿದರೆ ಎಷ್ಟೋ ಮನೆಗಳಲ್ಲಿ ಅಜ್ಜ ಜಗುಲಿಯಲ್ಲಿ ಕೂತು ಹೇಳಿದ ಬುದ್ಧಿಮಾತಾಗಿ ಕೇಳುತ್ತದೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನಮ್ಮಲ್ಲಿ ಯಾರು ಏನು ತಿನ್ನುತ್ತಾರೆ ಎಂಬುದಕ್ಕೆ ಜಾತಿಯ ಹೊರೆ ಇದೆ. ಅಲ್ಲಿ ಕಾರ್ಖಾನೆಯಂಥ ಮಾಂಸೋದ್ಯಮಕ್ಕೆ ಬೀಸಿದ ಕೋಲು ಇಲ್ಲಿ ಊಟದ ಕಾರಣಕ್ಕೇ ಬಾಡಿಗೆ ಮನೆ ಸಿಗದ ಮನುಷ್ಯನ ಬೆನ್ನಿಗೆ ಬೀಳುತ್ತದೆ. ನಿಮ್ಮ ಐದು ಜನರಲ್ಲೇ ಬೇರೆ ಬೇರೆ ಅಡುಗೆಮನೆಗಳಿಂದ ಬಂದವರು ಇರಬಹುದು, ಒಮ್ಮೆ ಕೂತು ಮಾತಾಡಿ. ಕುಡಿತದ ವಿಷಯ ಬೇರೆ. ಅದು ನಮ್ಮ ಮನೆಗಳನ್ನು ಹೇಗೆ ತಿಂದಿದೆ ಎಂದು ಹಳ್ಳಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಅಲ್ಲಿಂದ ಬರೆದರೆ ಹಾಡು ನಿಮ್ಮದಾಗುತ್ತದೆ, ಎರವಲಾಗುವುದಿಲ್ಲ.

ಇನ್ನು ರೆಕಾರ್ಡಿಂಗ್. ಮುಖ್ಯವಾಗಿ ಎರಡು ದಾರಿಗಳಿವೆ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು, ಕ್ಲಿಕ್ (ತಾಳ ತಪ್ಪದಿರಲು ಕಿವಿಗೆ ಹಾಕಿಕೊಳ್ಳುವ ಟಿಕ್ ಟಿಕ್ ಸದ್ದು) ಇಲ್ಲದೆ, ಹಳೆಯವರ ಹಾಗೆ ಬಾರಿಸುವುದು ಒಂದು. ಇದರಲ್ಲಿ ಜೀವ ಇರುತ್ತದೆ, ಬ್ರೇಕ್‌ಡೌನ್‌ಗೆ ಇಳಿಯುವಾಗ ತಂಡವೆಲ್ಲ ಒಟ್ಟಿಗೆ ಒಂದು ಕೂದಲೆಳೆ ಹಿಂದೆ ಸರಿಯುವ ಸೊಗಸು ಸಿಗುತ್ತದೆ. ಆದರೆ ಡ್ರಮ್ಮರ್ ತಪ್ಪಿದರೆ ಎಲ್ಲರದೂ ಹೋಯಿತು. ಅವರು ಆರೂ ಹಾಡನ್ನು ಗಿಟಾರ್ ಸಹಾಯವಿಲ್ಲದೆ ಒಬ್ಬರೇ ಬಾರಿಸಬಲ್ಲರೇ ನೋಡಿ. ಆಗದಿದ್ದರೆ ಈ ದಾರಿ ಹಿಡಿಯಬೇಡಿ. ಕ್ಲಿಕ್ ಹಾಕಿ, ಕಂಪ್ಯೂಟರ್‌ನಲ್ಲಿ ಪ್ರತಿ ಏಟನ್ನೂ ಗೆರೆಗೆ ಎಳೆದು ಕೂರಿಸುವುದು ಇನ್ನೊಂದು. ಖರ್ಚು ಕಡಿಮೆ, ತಪ್ಪು ಮುಚ್ಚುತ್ತದೆ. ಆದರೆ ಗಿಟಾರ್ ಬರೀ ತಾಳವಾಗಿರುವ ಸಂಗೀತದಲ್ಲಿ ಏಟುಗಳೆಲ್ಲ ಅಚ್ಚು ಹಾಕಿದಂತಾದರೆ ಕೇಳಲು ಏನೂ ಉಳಿಯುವುದಿಲ್ಲ. ರಾಗವಿರುವ ಹಾಡು ಇದನ್ನು ತಡೆದುಕೊಳ್ಳುತ್ತದೆ, ನೀವು ಬಯಸುವ ಬಗೆಯದು ತಡೆದುಕೊಳ್ಳದು. ಮೊದಲ ಸಲಕ್ಕೆ ನಾನು ಹೇಳುವುದು ನಡುದಾರಿ: ಕ್ಲಿಕ್ ಇರಲಿ, ಡ್ರಮ್ಸ್ ಮತ್ತು ಬಾಸ್ ಒಟ್ಟಿಗೆ ಬಾರಿಸಲಿ, ತೀರಾ ಜಾರಿದ ಏಟನ್ನು ಮಾತ್ರ ಸರಿಪಡಿಸಿ. ಆಮೇಲೆ ಪ್ರತಿ ಗಿಟಾರ್ ಭಾಗವನ್ನೂ ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡಿ. ಒಂದನ್ನೇ ನಕಲು ಮಾಡಿ ಇಟ್ಟರೆ ಅಗಲ ಬರುವುದಿಲ್ಲ.

ಹೋದ ವರ್ಷ ಬಂದ ಒಂದು ತಂಡದ ಹುಡುಗರು ಆ್ಯಂಪ್‌ನ ಗೇನ್ ಗುಂಡಿಯನ್ನು (ಗಿಟಾರ್ ಸದ್ದನ್ನು ಒರಟಾಗಿಸುವುದು ಇದೇ) ಒಂಬತ್ತಕ್ಕೆ ತಿರುಗಿಸಿಟ್ಟಿದ್ದರು. ರಿಫ್ ಶುರುವಾದರೆ ಜೇನುಗೂಡು ಕದಡಿದಂತೆ ಗುಂಯ್ ಎನ್ನುವ ಒಂದೇ ಮೊರೆತ, ಏಟು ಎಲ್ಲಿ ಶುರು ಎಲ್ಲಿ ಮುಗಿತು ತಿಳಿಯದು. ಐದಕ್ಕೆ ಇಳಿಸಿದೆ. ‘ಸರ್, ಸಣ್ಣಗಾಯಿತು’ ಎಂದರು. ಕೈಯಿಂದ ಇನ್ನೂ ಜೋರಾಗಿ ಹೊಡೆಯಲು ಹೇಳಿ, ಎರಡು ಸಲ ನುಡಿಸಿ, ಎಡಬಲಕ್ಕೆ ಹಾಕಿ ಕೇಳಿಸಿದೆ. ಏಟು ಏಟಿನ ನಡುವೆ ಮೌನ ಬಂದಿತ್ತು. ಆ ಹುಡುಗ ಮಾತಾಡದೆ ಮೂರನೇ ಟೇಕ್‌ಗೆ ಗಿಟಾರ್ ಎತ್ತಿಕೊಂಡ. ನೀವೂ ಗೇನ್ ಅರ್ಧಕ್ಕೆ ಇಳಿಸಿ ಶುರು ಮಾಡಿ. ಶ್ರುತಿ ಕೆಳಗಿಳಿಸುವುದಾದರೆ ದಪ್ಪ ತಂತಿ ಹಾಕಿ, ತೆಳು ತಂತಿ ಜೋತುಬಿದ್ದು ಪ್ರತಿ ಏಟಿಗೂ ಶ್ರುತಿ ಮೇಲೆ ಹೋಗಿ ಕೆಳಗೆ ಬರುತ್ತದೆ.

ಕೊನೆಗೆ ನಿಮ್ಮ ಹಾಡುಗಾರ. ಬ್ಯೂಕ್ನರ್ ದನಿಯನ್ನು ಅನುಕರಿಸಲು ಗಂಟಲು ಬಿಗಿದು ಕಿರುಚುವುದು ಬೇಡವೇ ಬೇಡ. ಹೊಟ್ಟೆಯಿಂದ ಉಸಿರು ತಂದು, ಗಂಟಲು ಸಡಿಲ ಬಿಟ್ಟು ಒರಟು ದನಿ ತೆಗೆಯುವುದನ್ನು ತಿಂಗಳುಗಟ್ಟಲೆ ಕಲಿಯಬೇಕು. ನೋವು ಬಂದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಲಿ. ದನಿ ಒಡೆದು ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಇ.ಎನ್.ಟಿ. ವೈದ್ಯರಿಗೆ ತೋರಿಸಿ, ಧ್ವನಿತಂತುವಿನ ಮೇಲೆ ಗಂಟು ಎದ್ದಿರಬಹುದು. ಒಂದೇ ದಿನದಲ್ಲಿ ಆರೂ ಹಾಡಿನ ಗಾಯನ ಮುಗಿಸಲು ಸ್ಟುಡಿಯೊದವರು ಒತ್ತಾಯಿಸಿದರೆ ಒಪ್ಪಬೇಡಿ, ದಿನಕ್ಕೆ ಎರಡು ಹಾಡು ಸಾಕು. ಮೂರು ದಿನದ ಬಾಡಿಗೆ ಹೊರೆಯಾಗುವುದಾದರೆ ಆರರ ಬದಲು ನಾಲ್ಕೇ ಹಾಡು ಮಾಡಿ.